ಬೇಸಿಗೆಯಲ್ಲಿ ಪಾಚಿ ಎಲ್ಲಿ ಹೋಗುತ್ತಿತ್ತು?

ಪ್ರಶ್ನೆ: ಕಡಲ ಪಾಚಿ ತಾನಾಗಿಯೇ ಬೆಳೆಯುತ್ತದೆ, ಅಲ್ವಾ? ಅದಕ್ಕೂ ಬೇಸಾಯ ಯಾಕೆ?

ಉತ್ತರ: ಬಂಡೆಯಿಂದ ಕಿತ್ತು ತಂದದ್ದು ಎಲ್ಲರಿಗೂ ಸಾಲುವುದಿಲ್ಲ, ಅದಕ್ಕೆ. ಜಪಾನಿನವರು ತಿನ್ನುವ ಕಡಲ ಪಾಚಿ ನೋರಿಯನ್ನೇ ನೋಡಿ. ಟೋಕಿಯೊ ಕೊಲ್ಲಿಯಲ್ಲಿ ಹಿಂದೆ ಕೊಂಬೆ, ಬಿದಿರು ನೆಟ್ಟು ಕಾಯುತ್ತಿದ್ದರು. ಪಾಚಿ ಅಂಟಿದರೆ ಬೆಳೆ, ಇಲ್ಲದಿದ್ದರೆ ದುಡಿದದ್ದೆಲ್ಲ ಸುಮ್ನೆ. ಬೇಸಿಗೆಯಲ್ಲಿ ಅದು ಎಲ್ಲಿ ಅಡಗುತ್ತದೆ ಎಂದೇ ಯಾರಿಗೂ ಗೊತ್ತಿರಲಿಲ್ಲ.

1949ರಲ್ಲಿ ಬ್ರಿಟನ್ನಿನ ಪಾಚಿ ವಿಜ್ಞಾನಿ ಕ್ಯಾಥ್ಲೀನ್ ಡ್ರೂ-ಬೇಕರ್ ನೋರಿಯ ಹತ್ತಿರದ ಸಂಬಂಧಿಯೊಂದರಲ್ಲಿ ಉತ್ತರ ಕಂಡರು. ಚಿಪ್ಪಿನೊಳಗೆ, ಸಣ್ಣ ಎಳೆಗಳಾಗಿ! ಆ ಎಳೆಗಳನ್ನು ಅಲ್ಲಿಯವರೆಗೆ ಬೇರೆಯೇ ಜೀವಿ ಎಂದುಕೊಂಡಿದ್ದರು. ಇದನ್ನು ಓದಿದಾಗಲೆಲ್ಲ ನನಗೆ ಮೈ ಜುಮ್ಮೆನ್ನುತ್ತದೆ. ಆಮೇಲೆ ಜಪಾನಿನವರು ತೊಟ್ಟಿಯಲ್ಲಿ ಸಿಂಪಿಯ ಚಿಪ್ಪು ಇಟ್ಟು, ಅದರೊಳಗೆ ಈ ಎಳೆ ಬೆಳೆಸಿ, ಅದು ಬಿಡುವ ಬೀಜಾಣುವನ್ನು (ಹೊಸ ಪಾಚಿಯಾಗಿ ಬೆಳೆಯುವ ಸಣ್ಣ ಕಣ) ಬಲೆಗೆ ಹಿಡಿಸಲು ಕಲಿತರು. ಆಕೆ ಜಪಾನನ್ನು ನೋಡಲೇ ಇಲ್ಲ. ಆದರೂ ಅಲ್ಲಿನ ಉಟೊ ಊರಿನಲ್ಲಿ ನೋರಿ ಬೆಳೆಗಾರರು ಆಕೆಗೆ ಸ್ಮಾರಕ ಕಟ್ಟಿದ್ದಾರೆ, ಪ್ರತಿ ಏಪ್ರಿಲ್ 14ರಂದು ನೆನೆಯುತ್ತಾರೆ.