ಹೊಸ ಮಿನಿ ಟ್ರಕ್‌ನಲ್ಲಿ ಎಂಜಿನ್ ಲೈಟ್ ಬ್ಲಿಂಕ್ ಆಗ್ತಿದೆ, ಓಡಿಸಬಹುದಾ?

ನೀವು ಕೇಳಿರುವುದು ಇಷ್ಟು: ಹೊಸ ಪೆಟ್ರೋಲ್ ಮಿನಿ ಟ್ರಕ್. ಹೆಬ್ರಿ ಕಡೆಯಿಂದ ಲೋಡ್ ಹಾಕಿಕೊಂಡು ಆಗುಂಬೆ ಘಾಟಿ ಹತ್ತುವಾಗ ಎಂಜಿನ್ ಲೈಟ್ ಬ್ಲಿಂಕ್ ಆಗುತ್ತೆ. ಮೇಲೆ ಬಂದ ಮೇಲೆ ಬ್ಲಿಂಕ್ ನಿಂತು ಸುಮ್ನೆ ಉರಿಯುತ್ತೆ. ನಾಳೆ ಒಂದು ಬಾಡಿಗೆ ಇದೆ, ಅದು ಮುಗಿಸಿಕೊಂಡು ತೀರ್ಥಹಳ್ಳಿಯಿಂದ ಶಿವಮೊಗ್ಗದ ಶೋರೂಂಗೆ ಹೋದರೆ ನಡೆಯುತ್ತಾ?

ಬಾಡಿಗೆ ಬೇರೆಯವರಿಗೆ ಕೊಡಿ. ಖಾಲಿ ಗಾಡಿಯಲ್ಲಿ, ಎಂಜಿನ್ ಎಳೆಸದೆ, ನಿಧಾನಕ್ಕೆ ಹೋಗಿ. ದಾರಿಯಲ್ಲಿ ಮತ್ತೆ ಬ್ಲಿಂಕ್ ಆದರೆ ಆಕ್ಸಿಲರೇಟರ್‌ನಿಂದ ಕಾಲು ತೆಗೆಯಿರಿ. ಆಗಲೂ ನಿಲ್ಲಲಿಲ್ಲ ಅಂದರೆ ಪಕ್ಕಕ್ಕೆ ಹಾಕಿ ಆಫ್ ಮಾಡಿ, ಟೋ ಮಾಡಿಸಿ. ಹೊಸ ಗಾಡಿಗೆ ಸಾಮಾನ್ಯವಾಗಿ ರೋಡ್‌ಸೈಡ್ ಅಸಿಸ್ಟೆನ್ಸ್ ಇರುತ್ತೆ, ಪೇಪರ್ ನೋಡಿ.

ಸುಮ್ನೆ ಉರಿಯುವ ಲೈಟಿಗೂ ಬ್ಲಿಂಕ್ ಆಗುವ ಲೈಟಿಗೂ ತುಂಬಾ ವ್ಯತ್ಯಾಸ ಇದೆ. ಒಂದೇ ಸಮ ಉರಿದರೆ 'ಬೇಗ ತೋರಿಸಿ' ಅಂತ. ಪೆಟ್ರೋಲ್, ಸಿಎನ್‌ಜಿ ಗಾಡಿಗಳಲ್ಲಿ ಬ್ಲಿಂಕ್ ಆದರೆ ಎಂಜಿನ್ ಜೋರಾಗಿ ಮಿಸ್ ಹೊಡೀತಿದೆ ಅಂತ. ಯಾವುದೋ ಒಂದು ಸಿಲಿಂಡರ್‌ನಲ್ಲಿ ಪೆಟ್ರೋಲ್ ಉರಿಯದೆ ಹಾಗೇ ಹೊರಗೆ ಬರುತ್ತೆ. ಬಂದದ್ದು ಸೈಲೆನ್ಸರ್ ಪೈಪಿನಲ್ಲಿರುವ, ಹೊಗೆಯ ವಿಷ ಕಡಿಮೆ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಒಳಗೆ ಉರಿಯುತ್ತೆ. ಅದರೊಳಗೆ ಜೇನುಗೂಡಿನ ಹಾಗೆ ಸಣ್ಣ ಸಣ್ಣ ತೂತಿನ ಸೆರಾಮಿಕ್ ಇದೆ, ಅದಕ್ಕೆ ಪ್ಲಾಟಿನಂ, ಪಲ್ಲಾಡಿಯಂ, ರೋಡಿಯಂ ಸವರಿರುತ್ತಾರೆ. ಬಿಸಿ ಮಿತಿ ಮೀರಿದರೆ ಆ ಸೆರಾಮಿಕ್ಕೇ ಕರಗುತ್ತೆ. ಕಿಡಿಗೆ ಕರೆಂಟ್ ಕೊಡುವ ಕಾಯಿಲ್, ಕಿಡಿ ಹಾರಿಸುವ ಪ್ಲಗ್‌ನಲ್ಲಿ ಮುಗಿಯುವ ಖರ್ಚು ಎಲ್ಲಿಗೋ ಹೋಗುತ್ತೆ. ಇನ್ನೊಂದು ಮಾತು, ಆ ಹೊತ್ತಲ್ಲಿ ಗಾಡಿಯನ್ನು ಒಣ ದರಗಿನ ಮೇಲೆ ನಿಲ್ಲಿಸಬೇಡಿ. ಬೇಸಿಗೆಯಲ್ಲಿ ನಮ್ಮ ಕಾಡುದಾರಿಯ ಪಕ್ಕ ಎಲ್ಲಾ ಅದೇ ಬಿದ್ದಿರುತ್ತೆ, ಅಡಿಯಲ್ಲಿರುವ ಪೈಪಿನ ಬಿಸಿಗೆ ಬೆಂಕಿ ಹತ್ತಿಕೊಳ್ಳಬಹುದು.

ಘಾಟಿಯಲ್ಲೇ ಯಾಕೆ ಅಂದರೆ, ಲೋಡ್ ಎಳೆಯುವಾಗ ಸಿಲಿಂಡರ್ ಒಳಗೆ ಒತ್ತಡ ಜಾಸ್ತಿ. ಒತ್ತಡ ಜಾಸ್ತಿಯಾದಷ್ಟೂ ಕಿಡಿ ಹಾರಲು ಹೆಚ್ಚು ವೋಲ್ಟೇಜ್ ಬೇಕು. ಸ್ವಲ್ಪ ದುರ್ಬಲವಾದ ಕಾಯಿಲ್ ಖಾಲಿ ಗಾಡಿಯಲ್ಲಿ ಹೇಗೋ ನಡೆಸುತ್ತೆ, ಸೋಮೇಶ್ವರ ದಾಟಿ 14 ತಿರುವು ಹತ್ತುವಾಗ ಕೈ ಕೊಡುತ್ತೆ. ಶೋರೂಂನವರ ಹತ್ತಿರ ನೀವು ಒತ್ತಿ ಹೇಳಬೇಕಾದದ್ದು ಇದನ್ನೇ. ಇಲ್ಲದಿದ್ದರೆ ಶಿವಮೊಗ್ಗದ ಸಪಾಟು ರಸ್ತೆಯಲ್ಲಿ ಒಂದು ಸುತ್ತು ಹೊಡೆದು 'ಏನೂ ಇಲ್ಲ ಸಾರ್' ಅಂತ ಕೀ ಕೈಗೆ ಕೊಡುತ್ತಾರೆ.

ನನಗೆ ಹಾಗೇ ಆಯಿತು. ನಾನು ಸಾಗರದ ಕಡೆಯವನು, ಅಡಿಕೆ ಸೀಸನ್‌ನಲ್ಲಿ ಮಂಡಿಗೆ ಬಾಡಿಗೆ ಓಡಿಸುವ ಪೆಟ್ರೋಲ್ ಗಾಡಿ ನನ್ನದೂ. ಹೊಸಂಗಡಿಯಿಂದ ಬಾಳೆಬರೆ ಘಾಟಿ ಹತ್ತುವಾಗ ಬ್ಲಿಂಕ್. ಶೋರೂಂನವರು ಪೆಟ್ರೋಲ್ ಟ್ಯಾಂಕಿನ ಮುಚ್ಚಳ ಸಡಿಲ ಇತ್ತು ಅಂತ ಹೇಳಿ ಗಾಡಿಯ ಕಂಪ್ಯೂಟರ್ ದಾಖಲಿಸಿಕೊಂಡಿದ್ದ ದೋಷದ ಕೋಡ್ ಅಳಿಸಿ ಕಳಿಸಿದರು. ಮುಚ್ಚಳ ಸಡಿಲ ಇದ್ದರೆ ಕೆಲವು ಗಾಡಿಗಳಲ್ಲಿ ಲೈಟ್ ಉರಿಯುವುದುಂಟು, ಆದರೆ ಅದಕ್ಕೆ ಬ್ಲಿಂಕ್ ಆಗಲ್ಲ. ಮುಂದಿನ ಲೋಡಿಗೆ ಮತ್ತದೇ ಕತೆ. ಕೊನೆಗೆ ಒಬ್ಬ ಹುಡುಗ ಮೂರನೇ ಕಾಯಿಲ್‌ನ ಸಾಕೆಟ್ ಮುಟ್ಟಿ ನೋಡಿದ. ಲಾಕ್ ಕೂತೇ ಇರಲಿಲ್ಲ, ಸುಮ್ನೆ ಒರಗಿಕೊಂಡಿತ್ತು. ಬಿಚ್ಚಿದರೆ ಪಿನ್ ಮೇಲೆ ಹಸಿರು ಕಿಲುಬು. ಮಳೆಗಾಲದ ಥಂಡಿ ಒಳಗೆ ಹೋಗಿತ್ತು. ನಿಮ್ಮದೂ ಅದೇ ಅಂತ ನಾನು ಹೇಳಲ್ಲ. ಪ್ಲಗ್, ಇಂಜೆಕ್ಟರ್, ಪೆಟ್ರೋಲ್‌ನಲ್ಲಿ ನೀರು, ಇಲಿ ಕಡಿದ ವೈರ್, ಯಾವುದೂ ಆಗಬಹುದು. ಕೊಟ್ಟಿಗೆ ಪಕ್ಕ ಗಾಡಿ ನಿಲ್ಲಿಸುವವರು ಇಲಿಯನ್ನು ಮರೆಯಬಾರದು.

ಹೋಗುವ ಮೊದಲು ಬ್ಲಿಂಕ್ ಆಗುವುದನ್ನು ಪಕ್ಕದಲ್ಲಿ ಕೂತವರಿಂದ ಮೊಬೈಲಲ್ಲಿ ವಿಡಿಯೋ ಮಾಡಿಸಿ. ಅದಕ್ಕೋಸ್ಕರ ಮತ್ತೆ ಘಾಟಿ ಹತ್ತಿಸಬೇಡಿ, ತಾನಾಗಿ ಆದರೆ ಮಾತ್ರ. ಸ್ಕ್ಯಾನರ್ ಹಾಕಿಸಿದಾಗ ಕೋಡ್ ಏನು ಅಂತ ಕೇಳಿ, ಶೋರೂಂನವರು ರಿಪೇರಿ ವಿವರ ಬರೆಯುವ ಜಾಬ್ ಕಾರ್ಡ್‌ನಲ್ಲಿ ಬರೆಸಿ. ಪಿ0300 ಬಂದರೆ ಮಿಸ್ ಒಂದೇ ಸಿಲಿಂಡರ್‌ಗೆ ಸೀಮಿತ ಅಲ್ಲ. ಪಿ0301 ಅಂದರೆ ಮೊದಲನೇ ಸಿಲಿಂಡರ್, ಪಿ0302 ಎರಡನೇದು, ಹೀಗೇ ಮುಂದೆ. ಕೋಡ್ ಜೊತೆಗೆ ಆ ಕ್ಷಣದ ಆರ್‌ಪಿಎಂ, ಸ್ಪೀಡ್, ಎಂಜಿನ್ ಬಿಸಿ ಎಲ್ಲಾ ಕಂಪ್ಯೂಟರ್‌ನಲ್ಲಿ ಉಳಿದಿರುತ್ತೆ. ಅದನ್ನು ನೋಡದೆ ಕೋಡ್ ಅಳಿಸಿದರೆ ಅದೂ ಹೋಯಿತು. ಊರಿನ ಎಲೆಕ್ಟ್ರಿಷಿಯನ್ ಎಷ್ಟೇ ಒಳ್ಳೆಯವರಾಗಿರಲಿ, ವಾರಂಟಿ ಇರುವಾಗ ವೈರ್ ಕತ್ತರಿಸಲು ಬಿಡಬೇಡಿ. ಆಮೇಲೆ ಎಲ್ಲಾ ತಪ್ಪೂ ಆ ಜೋಡಣೆಯ ಮೇಲೇ ಬರುತ್ತೆ.

ಡೀಸೆಲ್ ಗಾಡಿಯವರು ಯಾರಾದರೂ ಇದನ್ನು ಓದುತ್ತಿದ್ದರೆ, ನಿಮ್ಮ ಲೆಕ್ಕ ಬೇರೆ. ಬಿಎಸ್6 ಡೀಸೆಲ್‌ನಲ್ಲಿ ಹೊಗೆ ಫಿಲ್ಟರ್ ಮಸಿಯಿಂದ ತುಂಬಿದರೂ, ಯೂರಿಯಾ ದ್ರಾವಣ ಇರುವ ಗಾಡಿಯಲ್ಲಿ ಅದು ಮುಗಿಯುತ್ತಾ ಬಂದರೂ ಬೇರೆ ಬೇರೆ ಲೈಟ್ ಬರುತ್ತೆ. ಯಾವ ಲೈಟ್ ಅಂತ ಮ್ಯಾನ್ಯುಯಲ್ ತೆಗೆದು ನೋಡಿ.

ಮೂರ್ನಾಲ್ಕು ಸಲ ಓಡಾಡಿದರೂ ಸರಿ ಮಾಡಿಕೊಡದಿದ್ದರೆ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡಿ. ಬಾಡಿಗೆ ಗಾಡಿಗೆ ಗ್ರಾಹಕ ಕಾನೂನು ಬರಲ್ಲ ಅಂತ ಕೆಲವರು ಹೆದರಿಸುತ್ತಾರೆ. ಸ್ವಂತ ದುಡಿಮೆಯಲ್ಲಿ ಹೊಟ್ಟೆಪಾಡಿಗೆ ಅಂತಲೇ ತೆಗೆದುಕೊಂಡ ಗಾಡಿಯಾದರೆ 2019ರ ಕಾಯ್ದೆಯಲ್ಲಿ ನೀವೂ ಗ್ರಾಹಕರೇ. ಆಗ ಜಾಬ್ ಕಾರ್ಡ್‌ಗಳೇ ಸಾಕ್ಷಿ, ಒಂದನ್ನೂ ಬಿಸಾಡಬೇಡಿ.