ರೈಲ್ವೆ ವೈಫೈ, ಚಾರ್ಜಿಂಗ್ ಪಾಯಿಂಟ್, ಆನ್‌ಲೈನ್ ಸೆಂಟರ್: ಯಾವುದರಲ್ಲಿ ಅಪಾಯ ಹೆಚ್ಚು?

ಯಾದಗಿರಿಯಿಂದ ರೈಲಿನಲ್ಲಿ ಕಲಬುರಗಿಗೆ ಓದಲು ಬರುವ ನೀವು ನಿಲ್ದಾಣದ ಉಚಿತ ವೈಫೈ, ಅಲ್ಲಿನ ಚಾರ್ಜಿಂಗ್ ಪಾಯಿಂಟ್ ಮತ್ತು ಅರ್ಜಿ ತುಂಬಿಸುವ ಆನ್‌ಲೈನ್ ಸೆಂಟರ್ ಈ ಮೂರರಲ್ಲಿ ಯಾವುದಕ್ಕೆ ಹೆಚ್ಚು ಹೆದರಬೇಕೆಂದು ಕೇಳಿದ್ದೀರಿ. ಆನ್‌ಲೈನ್ ಸೆಂಟರಿಗೆ ಎಂಬುದು ನನ್ನ ಖಚಿತ ಅಭಿಪ್ರಾಯ.

ವಿದ್ಯಾರ್ಥಿವೇತನದ ಅರ್ಜಿಗಳ ಕಾಲದಲ್ಲಿ ಇಂತಹ ಯಾವುದೇ ಅಂಗಡಿಯ ಕಂಪ್ಯೂಟರಿನ ಡೌನ್‌ಲೋಡ್ಸ್ ಫೋಲ್ಡರನ್ನು ಗಮನಿಸಿ: ಯಾರಯಾರದೋ ಆಧಾರ್, ಜಾತಿ ಪ್ರಮಾಣಪತ್ರ, ಎಸ್‌ಎಸ್‌ಎಲ್‌ಸಿ ಅಂಕಪಟ್ಟಿ ಸಾಲಾಗಿ ಬಿದ್ದಿರುತ್ತವೆ. ಇ-ಆಧಾರ್ ಕಡತಕ್ಕೆ ಪಾಸ್‌ವರ್ಡ್ ಇದೆಯಲ್ಲ ಎನ್ನಬಹುದು. ಆದರೆ ಆ ಪಾಸ್‌ವರ್ಡ್ ಎಂದರೆ ಇಂಗ್ಲಿಷಿನಲ್ಲಿ ನಿಮ್ಮ ಹೆಸರಿನ ಮೊದಲ 4 ದೊಡ್ಡಕ್ಷರಗಳು ಮತ್ತು ಹುಟ್ಟಿದ ವರ್ಷ. ಅವೆರಡೂ ಪಕ್ಕದಲ್ಲೇ ಇರುವ ಅಂಕಪಟ್ಟಿಯಲ್ಲಿ ಸಿಗುತ್ತವೆ. ಅಂಗಡಿಯವರನ್ನೆಲ್ಲ ಅನುಮಾನಿಸಬೇಕೆಂದು ಇದರರ್ಥವಲ್ಲ, ಸರದಿಯಲ್ಲಿ ಹತ್ತು ಜನ ನಿಂತಿರುವಾಗ ಕಡತ ಅಳಿಸಲು ಯಾರಿಗೂ ಪುರುಸೊತ್ತಿರುವುದಿಲ್ಲ, ಅಷ್ಟೆ. ಆದ್ದರಿಂದ ಪ್ರಿಂಟ್ ಕೈಗೆ ಬಂದ ಕೂಡಲೇ ಕಡತವನ್ನು ಎದುರಿಗೇ ಅಳಿಸಿಸಿ, ರೀಸೈಕಲ್ ಬಿನ್ ಕೂಡ ಖಾಲಿ ಮಾಡಿಸಿ. ಒಪ್ಪುವ ಕಡೆಗಳಲ್ಲಿ ಕೊನೆಯ 4 ಅಂಕಿಗಳನ್ನಷ್ಟೇ ತೋರಿಸುವ ಮಾಸ್ಕ್ಡ್ ಆಧಾರ್ ಕೊಡಿ.

ಪ್ರಿಂಟಿಗಾಗಿ ಅಲ್ಲಿ ವಾಟ್ಸ್‌ಆ್ಯಪ್ ವೆಬ್ ತೆರೆದಿದ್ದರೆ, ಬ್ರೌಸರ್ ಮುಚ್ಚಿದ ಮಾತ್ರಕ್ಕೆ ಸಂಪರ್ಕ ಕಡಿಯುವುದಿಲ್ಲ. ನಿಮ್ಮ ಫೋನಿನಲ್ಲಿಯೇ ಲಿಂಕ್ಡ್ ಡಿವೈಸಸ್‌ಗೆ ಹೋಗಿ ಆ ಕಂಪ್ಯೂಟರನ್ನು ಲಾಗೌಟ್ ಮಾಡಬೇಕು. ಒಟಿಪಿಯನ್ನು ಎಲ್ಲರಿಗೂ ಕೇಳುವಂತೆ ಕೂಗಿ ಹೇಳುವ ನಮ್ಮ ಅಭ್ಯಾಸವೂ ನಿಲ್ಲಬೇಕು. ಕೀಬೋರ್ಡ್ ಪಡೆದು ನೀವೇ ಹಾಕಿ. ಅರ್ಜಿಯಲ್ಲಿ ಮೊಬೈಲ್ ಸಂಖ್ಯೆ ನಿಮ್ಮದೇ ಇದೆಯೇ ಎಂಬುದನ್ನೂ ನೋಡಿ. ಅವಸರಕ್ಕೆ ಅಂಗಡಿಯ ಸಂಖ್ಯೆ ಹಾಕಿಸಿದರೆ ಮುಂದಿನ ಒಟಿಪಿಗಳೆಲ್ಲ ಅಲ್ಲಿಗೇ ಹೋಗುತ್ತವೆ.

ಇನ್ನು ನಿಲ್ದಾಣದ ವೈಫೈ. ರೈಲ್‌ಟೆಲ್ ಸಂಸ್ಥೆಯ ರೈಲ್‌ವೈರ್ ಜಾಲವು ಮೊಬೈಲ್ ಸಂಖ್ಯೆಗೆ ಬರುವ ಒಟಿಪಿಯಿಂದ ತೆರೆಯುತ್ತದೆ. ಉಚಿತ ಬಳಕೆಗೆ ಇಮೇಲ್ ಪಾಸ್‌ವರ್ಡನ್ನೋ ಎಟಿಎಂ ಕಾರ್ಡಿನ ವಿವರವನ್ನೋ ಕೇಳುವ ಪುಟ ಬಂದರೆ ಅದು ಹೆಸರು ಕದ್ದ ಬೇರೆ ಜಾಲವೆಂದೇ ತಿಳಿಯಿರಿ. ಇಂದಿನ ಬ್ಯಾಂಕ್ ಆ್ಯಪ್‌ಗಳು ಮಾಹಿತಿಯನ್ನು ಗೂಢಲಿಪಿಯಲ್ಲೇ ಕಳುಹಿಸುವುದರಿಂದ ಪಕ್ಕದ ಬೆಂಚಿನವನು ಅದನ್ನು ಸುಲಭವಾಗಿ ಓದಲಾರ. ಹಾಗಿದ್ದರೂ ಹಣದ ವ್ಯವಹಾರಕ್ಕೆ ನಾನು ಮೊಬೈಲ್ ಡೇಟಾವನ್ನೇ ಬಳಸುತ್ತೇನೆ, ಮತ್ತು ಸಂಪರ್ಕ ಸುರಕ್ಷಿತವಲ್ಲವೆಂದು ಬ್ರೌಸರ್ ಎಚ್ಚರಿಸಿದಾಗ ಮುಂದುವರಿಯುವುದಿಲ್ಲ.

ಚಾರ್ಜಿಂಗ್ ಕೇಬಲ್ ಮೂಲಕ ಮಾಹಿತಿ ಕದಿಯುವ ಬಗೆಯನ್ನು ರಿಸರ್ವ್ ಬ್ಯಾಂಕ್ 2022ರ ಕಿರುಹೊತ್ತಿಗೆಯಲ್ಲಿ ವಿವರಿಸಿದೆ. ಸ್ವಂತ ಚಾರ್ಜರನ್ನು ಗೋಡೆಯ ಸಾಕೆಟ್ಟಿಗೆ ಹಾಕಿದರೆ ಆ ಚಿಂತೆಯಿಲ್ಲ.

ಇಷ್ಟಾಗಿಯೂ ಖಾತೆಯಿಂದ ಹಣ ಹೋದರೆ ಊರಿಗೆ ಹೋಗಿ ಮನೆಯವರನ್ನು ಕೇಳೋಣವೆಂದು ಕಾಯದೆ, ನಿಂತಲ್ಲಿಂದಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ, ಬ್ಯಾಂಕಿಗೂ ತಿಳಿಸಿ. ಹಣ ಇನ್ನೊಂದು ಖಾತೆಗೆ ದಾಟುವ ಮೊದಲು ದೂರು ತಲುಪಿದರೆ ಅದನ್ನು ತಡೆಹಿಡಿಯುವ ಸಾಧ್ಯತೆ ಹೆಚ್ಚು.