ಸಂದರ್ಶನದಲ್ಲಿ ಇನ್‌ಸ್ಟಾಗ್ರಾಂ ತೆರೆದು ತೋರಿಸಬೇಕೇ?

ಪ್ರಶ್ನೆ: ಮೆಕ್ಯಾನಿಕಲ್ ಡಿಪ್ಲೊಮಾ ಮುಗಿಸಿ, ವೇಮಗಲ್ ಕಡೆಯ ಕಾರ್ಖಾನೆಯೊಂದರಲ್ಲಿ ಅಪ್ರೆಂಟಿಸ್ ಆಗಿದ್ದೆ. ಈಚೆಗೆ ನರಸಾಪುರದ ಕಂಪನಿಯೊಂದರ ಸಂದರ್ಶನದಲ್ಲಿ ಎಚ್‌ಆರ್‌ನವರು ಇನ್‌ಸ್ಟಾಗ್ರಾಂ ತೆರೆದು ಮೊಬೈಲ್ ಕೊಡುವಂತೆ ಕೇಳಿದರು. ನೆಟ್‌ವರ್ಕ್ ಇಲ್ಲವೆಂದು ತಪ್ಪಿಸಿಕೊಂಡೆ. ನನ್ನ ಫೇಸ್‌ಬುಕ್‌ನಲ್ಲಿ ಶಾಶ್ವತ ನೀರಾವರಿ ಹೋರಾಟದ ವಿಡಿಯೊಗಳೂ ಹಳೆಯ ಸೂಪರ್‌ವೈಸರ್ ಬಗ್ಗೆ ಸಿಟ್ಟಿನಲ್ಲಿ ಬರೆದದ್ದೂ ಇವೆ. ಹೀಗೆ ಕೇಳುವ ಅಧಿಕಾರ ಅವರಿಗಿದೆಯೇ? ಖಾತೆಗಳನ್ನೇ ಅಳಿಸಿಬಿಡಲೇ?
– ಓದುಗರು, ಮಾಲೂರು ತಾಲ್ಲೂಕು

ಉತ್ತರ: ಖಾತೆ ಅಳಿಸುವ ಅಗತ್ಯವಿಲ್ಲ, ಮೊಬೈಲನ್ನು ಅವರ ಕೈಗೆ ಕೊಡಬೇಕಾಗಿಯೂ ಇಲ್ಲ. ಎಲ್ಲರಿಗೂ ಕಾಣುವಂತೆ ನೀವೇ ಹಾಕಿದ್ದನ್ನು ಕಂಪನಿಯವರು ನೋಡುವುದು ಬೇರೆ, ಬೀಗ ಹಾಕಿಟ್ಟದ್ದನ್ನು ತೆಗೆಸಿ ನೋಡುವುದು ಬೇರೆ. ಮೊದಲನೆಯದರಲ್ಲಿ ಕಾನೂನು ನಿಮ್ಮ ನೆರವಿಗೆ ಬರುವುದು ಕಷ್ಟ. ವ್ಯಕ್ತಿಯೇ ಸ್ವತಃ ಬಹಿರಂಗಪಡಿಸಿದ ಮಾಹಿತಿಯನ್ನು 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ 3ನೇ ಸೆಕ್ಷನ್ ತನ್ನ ವ್ಯಾಪ್ತಿಯಿಂದ ಹೊರಗಿಟ್ಟಿದೆ. ಒಪ್ಪಿಗೆ ಪಡೆಯುವುದಾದರೆ ಅದು ಮುಕ್ತವಾಗಿರಬೇಕು, ಉದ್ದೇಶಕ್ಕೆ ಬೇಕಾದಷ್ಟು ಮಾಹಿತಿಗೆ ಮಾತ್ರ ಸೀಮಿತವಾಗಿರಬೇಕು ಎಂದೂ ಅದೇ ಕಾಯ್ದೆ ಹೇಳುತ್ತದೆ. ಕೆಲಸಕ್ಕಾಗಿ ಎದುರು ಕುಳಿತ ಹುಡುಗನ ‘ಆಗಲಿ ಸರ್’ ಎಂಬ ಮಾತನ್ನು ಮುಕ್ತ ಒಪ್ಪಿಗೆಯೆಂದು ನಾನಂತೂ ಒಪ್ಪಲಾರೆ. ಆದರೆ 2025ರ ನವೆಂಬರ್‌ನ ಅಧಿಸೂಚನೆಯಂತೆ ಕಾಯ್ದೆಯ ಈ ಭಾಗ ಜಾರಿಗೆ ಬರುವುದು ಅಲ್ಲಿಂದ 18 ತಿಂಗಳ ನಂತರ. ಖಾಸಗಿತನ ಮೂಲಭೂತ ಹಕ್ಕೆಂದು ಸುಪ್ರೀಂ ಕೋರ್ಟ್‌ನ 9 ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದೇ ಹೇಳಿದ್ದರೂ ಆ ಹಕ್ಕು ಮುಖ್ಯವಾಗಿ ಸರ್ಕಾರವನ್ನು ಕಟ್ಟಿಹಾಕುವಂಥದ್ದು. ಖಾಸಗಿ ಕಂಪನಿಯ ಎದುರು ಅದನ್ನು ನೇರವಾಗಿ ಹಿಡಿದು ನಿಲ್ಲುವುದು ಸುಲಭವಲ್ಲ.

ಆದ್ದರಿಂದ ಇನ್ನೊಮ್ಮೆ ಕೇಳಿದರೆ ನೆಟ್‌ವರ್ಕಿನ ನೆಪ ಬೇಡ. ‘ಸರ್, ಅದರಲ್ಲಿ ಮನೆಯವರ ಫೋಟೊ, ಸ್ನೇಹಿತರ ಮೆಸೇಜುಗಳಿವೆ, ಅವರನ್ನು ಕೇಳದೆ ತೋರಿಸಲಾಗದು, ಮಾರ್ಕ್ಸ್ ಕಾರ್ಡ್, ಅಪ್ರೆಂಟಿಸ್ ಸರ್ಟಿಫಿಕೇಟ್ ಯಾವುದು ಬೇಕಾದರೂ ಕೊಡುತ್ತೇನೆ’ ಎಂದು ವಿನಯದಿಂದಲೇ ಹೇಳಿ. ಇದರಿಂದ ಕೆಲಸ ಕೈತಪ್ಪುವುದೇ ಇಲ್ಲವೆಂದು ನಾನು ಭರವಸೆ ಕೊಡಲಾರೆ. ಪಾಸ್‌ವರ್ಡ್ ಅಥವಾ ಒಟಿಪಿ ಕೇಳಿದರೆ ಮಾತ್ರ ಎದ್ದು ಬನ್ನಿ. ಅಂಥವರು ನಿಜವಾಗಿ ಕಂಪನಿಯವರೇ ಎಂಬುದೇ ಅನುಮಾನ.

ಇನ್ನು ಹಳೆಯ ಪೋಸ್ಟ್‌ಗಳ ವಿಚಾರ. ನಿಮ್ಮ ಸ್ನೇಹಿತರ ಪಟ್ಟಿಯಲ್ಲಿಲ್ಲದ ಯಾರದಾದರೂ ಮೊಬೈಲಿನಲ್ಲಿ ನಿಮ್ಮ ಹೆಸರು ಹುಡುಕಿ, ಅಲ್ಲಿ ಏನೇನು ಕಾಣುತ್ತದೆಂದು ಮೊದಲು ನೋಡಿ. ಫೇಸ್‌ಬುಕ್ ಸೆಟ್ಟಿಂಗ್ಸ್‌ನ ‘ಲಿಮಿಟ್ ಪಾಸ್ಟ್ ಪೋಸ್ಟ್ಸ್’ ಒತ್ತಿದರೆ ಪಬ್ಲಿಕ್ ಆಗಿದ್ದ ಹಳೆಯ ಪೋಸ್ಟ್‌ಗಳೆಲ್ಲ ಒಮ್ಮೆಗೇ ಸ್ನೇಹಿತರಿಗಷ್ಟೇ ಸೀಮಿತವಾಗುತ್ತವೆ, ಆದರೂ ಕವರ್ ಫೋಟೊ ಎಲ್ಲರಿಗೂ ಕಾಣುತ್ತಲೇ ಇರುತ್ತದೆ. ಇನ್‌ಸ್ಟಾಗ್ರಾಂ ಖಾತೆಯನ್ನು ಪ್ರೈವೇಟ್ ಮಾಡಿದರೂ ಪ್ರೊಫೈಲ್ ಫೋಟೊ, ಬಯೊ ಮತ್ತು ಬೇರೆಯವರ ಪಬ್ಲಿಕ್ ರೀಲ್‌ಗಳ ಕೆಳಗೆ ನೀವು ಬರೆದ ಕಮೆಂಟುಗಳು ಮರೆಯಾಗುವುದಿಲ್ಲ. ಜಗಳದ ಮಾತುಗಳು ಹೆಚ್ಚಾಗಿ ಉಳಿದಿರುವುದು ಆ ಕಮೆಂಟುಗಳಲ್ಲೇ.

ನೀರಾವರಿ ಹೋರಾಟದ ವಿಡಿಯೊ ತೆಗೆಯುವುದು ಬೇಡ. ಕೋಲಾರ ಜಿಲ್ಲೆಯವನು ನೀರು ಕೇಳಿದ್ದು ಮುಚ್ಚಿಡುವಂಥ ವಿಷಯವಲ್ಲ. ಸೂಪರ್‌ವೈಸರ್ ಹೆಸರು ಹಿಡಿದು ಬರೆದದ್ದನ್ನು ಮಾತ್ರ ಇಂದೇ ಅಳಿಸಿ. ನೀವು ಕೇಳದಿದ್ದರೂ ಹೇಳಬೇಕಾದದ್ದು ಇನ್ನೊಂದಿದೆ: ಕಾರ್ಖಾನೆಯ ಒಳಗೆ, ಯಂತ್ರದ ಪಕ್ಕ ನಿಂತು, ಕೊರಳಲ್ಲಿ ಗುರುತಿನ ಚೀಟಿ ನೇತಾಡುತ್ತಿರುವ ಫೋಟೊ ಹಾಕಿದ್ದರೆ ಅದನ್ನೂ ತೆಗೆಯಿರಿ. ಹೋರಾಟದ ವಿಡಿಯೊ ಹತ್ತಿದ್ದರೂ ಸುಮ್ಮನಿರುವ ಎಚ್‌ಆರ್, ಶಾಪ್‌ಫ್ಲೋರ್‌ನ ಒಂದು ಫೋಟೊ ಕಂಡರೆ ಹಿಂದೆ ಸರಿಯುತ್ತಾರೆ, ಏಕೆಂದರೆ ನಾಳೆ ನೀವು ಅವರ ಯಂತ್ರಗಳ ಫೋಟೊವನ್ನೂ ಹೊರಗೆ ಹಾಕುವಿರೆಂಬ ಅಳುಕು ಅವರಿಗಿರುತ್ತದೆ.

ರೆಸ್ಯೂಮೆಯಲ್ಲಿ ಕೊಟ್ಟ ನಂಬರಿನಿಂದ ವಾಟ್ಸ್ಆ್ಯಪ್ ಡಿಪಿಯೂ ಅವರಿಗೆ ಕಾಣುತ್ತದೆ. ಪ್ರೈವೆಸಿ ಸೆಟ್ಟಿಂಗ್‌ನಲ್ಲಿ ಅದನ್ನು ‘ಮೈ ಕಾಂಟ್ಯಾಕ್ಟ್ಸ್’ಗೆ ಬದಲಿಸಿ, ಎಚ್‌ಆರ್ ನಂಬರ್ ಸೇವ್ ಮಾಡಿಕೊಂಡಿದ್ದರೆ, ಸ್ಟೇಟಸ್ ನೋಡುವವರ ಪಟ್ಟಿಯಿಂದ ಅವರನ್ನು ಬಿಡಿ.